ವೈದ್ಯಕಾಯಕ



ಪೀಣ್ಯದ ಕೈಗಾರಿಕಾ ಪ್ರದೇಶದ ಅಂಚಿನಲ್ಲಿ ಬಹುಕಾಲದಿಂದ ವೈದ್ಯವೃತ್ತಿಯನ್ನು ನಡೆಸುತ್ತ ಬಂದವನು ನಾನು. ಮೊದಮೊದಲು ರೋಗಿಯ ನಾಡಿಯೊಡನೆ ಅವನ ಮನೆಯ ಸುಖದುಃಖಗಳನ್ನೂ ಬಲ್ಲವನಾಗಿದ್ದೆನು. ಇಲ್ಲಿ ಕಾರ್ಖಾನೆಗಳು ಬೆಳೆದವು. ನಗರದ ಇನ್ನೊಂದು ಅಂಚಿನಲ್ಲಿ, 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು 332 ಎಕರೆಗಳಲ್ಲಿ ಸ್ಥಾಪಿಸಿದ ಎಲೆಕ್ಟ್ರಾನಿಕ್ ಸಿಟಿಯೂ ಬೆಳೆಯಿತು. ದೂರದ ಜಿಲ್ಲೆಗಳಿಂದಲೂ ಪರಪ್ರಾಂತಗಳಿಂದಲೂ ಜನರು ಬಂದು ನೆಲಸಿದರು. ಈಗ ಪಾಳಿ ಬಿಟ್ಟೊಡನೆ ನನ್ನ ಬಾಗಿಲಲ್ಲಿ ಸಾಲು ನಿಲ್ಲುತ್ತದೆ. 67 ದೇಶಗಳನ್ನು ಕುರಿತು 2017ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಂತೆ, ಲೋಕದ ಸುಮಾರು ಅರ್ಧ ಜನರು ವಾಸಿಸುವ ದೇಶಗಳಲ್ಲಿ ವೈದ್ಯನು ಒಬ್ಬ ರೋಗಿಗೆ ಕೊಡುವ ವೇಳೆಯು ಸರಾಸರಿ ಐದು ನಿಮಿಷ, ಇಲ್ಲವೆ ಅದಕ್ಕೂ ಕಡಿಮೆ. ಆ ವೈದ್ಯರಲ್ಲಿ ನಾನೂ ಒಬ್ಬನು.

ಒಬ್ಬ ಕಾರ್ಮಿಕನು ಮೂರು ಸಲ ನನ್ನಿಂದ ಕೆಮ್ಮಿನ ಔಷಧವನ್ನು ಕೊಂಡುಹೋದನು. ಕೆಮ್ಮು ಎಷ್ಟು ದಿನಗಳದೆಂದು ನಾನು ಕೇಳಲಿಲ್ಲ. ಎರಡು ವಾರ ಮೀರಿದ ಕೆಮ್ಮಿಗೆ ಕಫವನ್ನು ಪರೀಕ್ಷಿಸಬೇಕೆಂಬುದು ಎಳೆಯ ವೈದ್ಯನೂ ಬಲ್ಲ ನಿಯಮ. ನಾಲ್ಕನೆಯ ಸಲ ಅವನ ಹೆಂಡತಿಯೂ ಕೆಮ್ಮುತ್ತ ಬಂದಳು. ಇಬ್ಬರಿಗೂ ಕ್ಷಯ. ಅವರು ಗುಣಹೊಂದಿದರು, ನನ್ನ ನಾಚಿಕೆ ಗುಣವಾಗಲಿಲ್ಲ.

ಹನ್ನೆರಡನೆಯ ಶತಮಾನದ ವೈದ್ಯ ಸಂಗಣ್ಣನವರು ವೈದ್ಯವನ್ನೇ ಕಾಯಕವಾಗಿ ಕೈಕೊಂಡ ಶರಣರು. ರೋಗಿಗಳ ಸಂಖ್ಯೆಯನ್ನು ಎಣಿಸುವುದು ಕಾಯಕವಾಗದು. ಸಾಲು ಉದ್ದವಾಯಿತೆಂಬುದು ನನ್ನ ತಪ್ಪಿಗೆ ಕಾರಣವಾದೀತೇ ಹೊರತು ಸಮಾಧಾನವಾಗಲಾರದು. ಅಂದಿನಿಂದ ಔಷಧವನ್ನು ಬರೆಯುವ ಮೊದಲು ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತೇನೆ: ಎಷ್ಟು ದಿನಗಳಾದವು? ಮನೆಯಲ್ಲಿ ಯಾರಾರಿದ್ದಾರೆ?

ತಾವೂ ದಿನಕ್ಕೊಬ್ಬ ವೈದ್ಯನನ್ನು ಅರಸದೆ, ಒಬ್ಬನಲ್ಲಿಯೇ ನಂಬುಗೆಯಿಟ್ಟು, ಹಳೆಯ ಚೀಟಿಗಳನ್ನು ಜೋಪಾನವಾಗಿ ತನ್ನಿರಿ. ಅವನು ಕೇಳಲು ಮರೆತರೆ ತಾವೇ ಹೇಳಿರಿ.