ಕೊಟ್ಟಿಗೆಯ ರೋಗ, ಮನೆಯ ಜ್ವರ: ಆಲಿಸ್ ಈವಾನ್ಸ್ ಕಂಡ ನಂಟು

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಗಬ್ಬದ ಹಸುವೊಂದು ಆರನೆಯದೋ ಏಳನೆಯದೋ ತಿಂಗಳಲ್ಲಿ ಕಂದು ಹಾಕಿತೆಂದರೆ ಮಲೆನಾಡಿನ ಮನೆಗೆ ಅದು ಸಣ್ಣ ನಷ್ಟವಲ್ಲ. ಕರುವೂ ಹೋಯಿತು, ಮುಂದಿನ ಹಾಲೂ ಹೋಯಿತು. ಗುಡ್ಡದಲ್ಲಿ ಜಾರಿ ಬಿದ್ದಿರಬೇಕು, ಯಾವುದೋ ವಿಷದ ಸೊಪ್ಪು ತಿಂದಿರಬೇಕು, ಯಾರದೋ ದೃಷ್ಟಿ ತಾಗಿರಬೇಕು ಎಂದು ಮನೆಯವರು ಕಾರಣ ಹುಡುಕುತ್ತಾರೆ. ಕೆಲವು ವಾರಗಳ ಮೇಲೆ ಅದೇ ಮನೆಯಲ್ಲಿ ಒಬ್ಬರಿಗೆ ಜ್ವರ ಹಿಡಿಯಬಹುದು. ಬಂದು, ಬಿಟ್ಟು, ಮತ್ತೆ ಬರುವ ಜ್ವರ, ರಾತ್ರಿಯ ಬೆವರು, ಸೊಂಟ ಮತ್ತು ಕೀಲುಗಳ ನೋವು. ಮಲೇರಿಯವೆಂದೂ ಟೈಫಾಯ್ಡ್ ಎಂದೂ ಔಷಧಿ ನಡೆಯುತ್ತದೆ. ಕೊಟ್ಟಿಗೆಯ ನಷ್ಟಕ್ಕೂ ಜಗುಲಿಯ ಮೇಲೆ ಮಲಗಿದವರ ಜ್ವರಕ್ಕೂ ನಂಟಿರಬಹುದೆಂಬುದು ಯಾರಿಗೂ ಹೊಳೆಯುವುದಿಲ್ಲ.

ಇದನ್ನು ಹಳ್ಳಿಗರ ಅಜ್ಞಾನವೆಂದು ತಳ್ಳಿಹಾಕಲಾಗದು. ಜಗತ್ತಿನ ದೊಡ್ಡ ಪ್ರಯೋಗಾಲಯಗಳಿಗೂ ಇಪ್ಪತ್ತು ವರ್ಷಗಳ ಕಾಲ ಇದು ಹೊಳೆದಿರಲಿಲ್ಲ. ಹೊಳೆದದ್ದು ರೈತನೊಬ್ಬನ ಮಗಳಿಗೆ. ಅವರ ಹೆಸರು ಆಲಿಸ್ ಈವಾನ್ಸ್.

ಎರಡು ಹೆಸರು, ಎರಡು ಗುಂಪು

ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರನ್ನು ಬಹುಕಾಲದಿಂದ ಒಂದು ಜ್ವರ ಕಾಡುತ್ತಿತ್ತು. ಸೇನೆಯ ವೈದ್ಯ ಡೇವಿಡ್ ಬ್ರೂಸ್ 1887ರಲ್ಲಿ, ಆ ಜ್ವರದಿಂದ ಸತ್ತವರ ಗುಲ್ಮದಿಂದ ಸೂಕ್ಷ್ಮಜೀವಿಯೊಂದನ್ನು ಬೇರ್ಪಡಿಸಿದರು. ದುಂಡಗೆ ಕಂಡದ್ದರಿಂದ ಅದು ‘ಮೈಕ್ರೊಕಾಕಸ್’ ಗುಂಪಿಗೆ ಸೇರಿತು. ಸೋಂಕಿನ ಮೂಲವನ್ನು 1905ರಲ್ಲಿ ಕಂಡುಹಿಡಿದವರು ಮಾಲ್ಟಾದವರೇ ಆದ ವೈದ್ಯ ಥೆಮಿಸ್ಟೋಕ್ಲಿಸ್ ಜಾಮಿಟ್. ನೋಡಲು ಆರೋಗ್ಯವಾಗಿಯೇ ಇದ್ದ ಆಡುಗಳ ಹಾಲಿನಲ್ಲಿ ಆ ಜೀವಿ ಇತ್ತು. ಮರುವರ್ಷ ಸೈನಿಕರಿಗೆ ಆಡಿನ ಹಾಲು ನಿಲ್ಲಿಸಿದೊಡನೆ ಜ್ವರ ಇಳಿಮುಖವಾಯಿತು.

ಇತ್ತ ಡೆನ್ಮಾರ್ಕಿನಲ್ಲಿ ಪಶುವೈದ್ಯ ಬರ್ನಾರ್ಡ್ ಬಾಂಗ್ 1897ರಲ್ಲಿ ಕಂದು ಹಾಕಿದ ಹಸುಗಳಲ್ಲಿ ಒಂದು ಸೂಕ್ಷ್ಮಜೀವಿಯನ್ನು ಕಂಡರು. ಇದು ಕಡ್ಡಿಯಾಕಾರದ್ದೆಂದು ‘ಬ್ಯಾಸಿಲಸ್’ ಗುಂಪಿಗೆ ಸೇರಿತು. ಒಂದು ಜೀವಿ ಮನುಷ್ಯರ ವೈದ್ಯರ ಪಾಲಾಯಿತು, ಇನ್ನೊಂದು ಪಶುವೈದ್ಯರ ಪಾಲಾಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಪ್ರಸಂಗವೇ ಬರಲಿಲ್ಲ.

ಶಾಲಾ ಶಿಕ್ಷಕಿಯಿಂದ ವಿಜ್ಞಾನಿಯಾಗಿ

ಆಲಿಸ್ ಈವಾನ್ಸ್ ಹುಟ್ಟಿದ್ದು 1881ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನೀತ್ ಎಂಬ ಹಳ್ಳಿಯಲ್ಲಿ. ಓದು ಮುಂದುವರಿಸಲು ಹಣವಿಲ್ಲದೆ ನಾಲ್ಕು ವರ್ಷ ಶಾಲಾ ಶಿಕ್ಷಕಿಯಾಗಿ ದುಡಿದರು. ಕಾರ್ನೆಲ್ ವಿಶ್ವವಿದ್ಯಾಲಯವು ಗ್ರಾಮೀಣ ಶಿಕ್ಷಕರಿಗೆ ಪ್ರಕೃತಿ ಪರಿಚಯದ ಉಚಿತ ಶಿಕ್ಷಣ ನೀಡುತ್ತಿತ್ತು. ಅದಕ್ಕೆಂದು ಹೋದವರು ಅಲ್ಲಿಯೇ ಉಳಿದು, 1909ರಲ್ಲಿ ಬ್ಯಾಕ್ಟೀರಿಯಾ ಶಾಸ್ತ್ರದಲ್ಲಿ ಪದವಿ ಪಡೆದರು. ಮರುವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದು, ಅಮೆರಿಕದ ಕೃಷಿ ಇಲಾಖೆಯ ಡೇರಿ ವಿಭಾಗವನ್ನು ಸೇರಿದರು. ಡಾಕ್ಟರೇಟ್ ಅವರಿಗಿರಲಿಲ್ಲ.

ಆರೋಗ್ಯವಂತ ಹಸುವಿನ ಕೆಚ್ಚಲಿನಿಂದ ಆಗತಾನೇ ಕರೆದ ಹಾಲಿನಲ್ಲಿ ಯಾವ ಬ್ಯಾಕ್ಟೀರಿಯಾಗಳಿರುತ್ತವೆ ಎಂಬುದನ್ನು ತಿಳಿಯುವುದು ಅವರ ಪಾಲಿಗೆ ಬಂದ ಕೆಲಸಗಳಲ್ಲೊಂದು. ಬಾಂಗ್ ಕಂಡಿದ್ದ ಗರ್ಭಪಾತದ ಜೀವಿ ಆ ಹಾಲಿನಲ್ಲಿಯೂ ಸಿಗುತ್ತಿತ್ತು. ಹಸುವಿಗಷ್ಟೇ ಸಂಬಂಧಿಸಿದ್ದು, ಮನುಷ್ಯರಿಗೆ ಅಪಾಯವಿಲ್ಲ ಎಂಬುದು ಅಂದಿನ ನಂಬಿಕೆ. ಈವಾನ್ಸ್ ಅದನ್ನು ನಂಬಿ ಸುಮ್ಮನಿರಲಿಲ್ಲ. ಆ ಜೀವಿಯನ್ನು ಮಾಲ್ಟಾ ಜ್ವರದ ಜೀವಿಯೊಡನೆ ಹೋಲಿಸಿ ನೋಡಿದರು.

ಸೂಕ್ಷ್ಮದರ್ಶಕದಡಿಯಲ್ಲಿ ಎರಡೂ ಅತಿ ಗಿಡ್ಡನೆಯ ಕಡ್ಡಿಗಳು. ಒಬ್ಬರಿಗೆ ದುಂಡಗೆ, ಇನ್ನೊಬ್ಬರಿಗೆ ಕಡ್ಡಿಯಂತೆ ಕಂಡದ್ದು ಇದೇ ಕಾರಣದಿಂದ. ಪ್ರಯೋಗಾಲಯದ ಪೋಷಕ ದ್ರವ್ಯಗಳ ಮೇಲೆ ಎರಡೂ ಬೆಳೆಯುವ ರೀತಿ ಬಹುತೇಕ ಒಂದೇ. ಒಂದರ ಸೋಂಕು ತಗುಲಿದ ಪ್ರಾಣಿಯ ರಕ್ತದ್ರವವನ್ನು ಇನ್ನೊಂದಕ್ಕೆ ಬೆರೆಸಿದರೆ, ಅದರ ಕಣಗಳೂ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತಿದ್ದವು. ಗಿನಿಯಿಲಿಗಳಲ್ಲಿ ಎರಡೂ ಒಂದೇ ಬಗೆಯ ರೋಗವನ್ನು ತರುತ್ತಿದ್ದವು. 1917ರ ಕೊನೆಯಲ್ಲಿ ಅಮೆರಿಕದ ಬ್ಯಾಕ್ಟೀರಿಯಾ ತಜ್ಞರ ಸಂಘದ ಸಭೆಯಲ್ಲಿ ಅವರು ಈ ಫಲಿತಾಂಶವನ್ನು ಮಂಡಿಸಿದರು. 1918ರಲ್ಲಿ ಪ್ರಬಂಧ ಅಚ್ಚಾಯಿತು. ಎರಡು ಜೀವಿಗಳೂ ಅತಿ ಹತ್ತಿರದ ಸಂಬಂಧಿಗಳು. ಹಾಗಿರುವಾಗ ಹಸುವಿನ ಹಸಿ ಹಾಲಿನಿಂದ ಮನುಷ್ಯರಿಗೆ ರೋಗ ಬರುತ್ತಿಲ್ಲವೆಂದು ಹೇಗೆ ಹೇಳುವುದು? ಬರುತ್ತಿದ್ದರೂ ಗುರುತಾಗದೆ ಹೋಗಿರಬಹುದಲ್ಲವೆ? ಇದು ಅವರ ಪ್ರಶ್ನೆ.

ನಂಬದವರು

ಮಾತು ನಿಜವಾಗಿದ್ದರೆ ಇಷ್ಟು ಹೊತ್ತಿಗೆ ಯಾರಾದರೂ ದೊಡ್ಡವರು ಕಂಡಿರುತ್ತಿದ್ದರು ಎಂಬುದೇ ಹಲವರ ಉತ್ತರವಾಗಿತ್ತು. ಜಾನುವಾರುಗಳ ಜ್ವರವನ್ನು ಉಣ್ಣೆ ಹರಡುತ್ತದೆಂದು ತೋರಿಸಿ ಕೀರ್ತಿ ಪಡೆದಿದ್ದ ಥಿಯೊಬಾಲ್ಡ್ ಸ್ಮಿತ್ ಅವರೂ ಇದನ್ನು ಬಹುಕಾಲ ಒಪ್ಪಲಿಲ್ಲ. ಹೇಳಿದವರು ಮಹಿಳೆ, ಡಾಕ್ಟರೇಟ್ ಇಲ್ಲದವರು. ಹಾಲಿನ ವ್ಯಾಪಾರಕ್ಕೆ ಆ ಮಾತು ಹಿತವಾಗಿಯೂ ಇರಲಿಲ್ಲ.

ಆದರೆ ಕ್ಯಾಲಿಫೋರ್ನಿಯಾದಲ್ಲಿ ಕಾರ್ಲ್ ಮೇಯರ್ ಮತ್ತು ಶಾ ಅವರು ಪರೀಕ್ಷೆಗಳನ್ನು ಮತ್ತೆ ಮಾಡಿ, 1920ರಲ್ಲಿ ಈವಾನ್ಸರ ತೀರ್ಮಾನವನ್ನು ಸಮರ್ಥಿಸಿದರು. ಎರಡನ್ನೂ ಒಂದೇ ಕುಲಕ್ಕೆ ಸೇರಿಸಿ, ಬ್ರೂಸ್ ಅವರ ನೆನಪಿಗೆ ‘ಬ್ರುಸೆಲ್ಲ’ ಎಂಬ ಹೆಸರನ್ನು ಸೂಚಿಸಿದರು. ಮುಂದೆ ಆಡಿನ ಸಂಪರ್ಕವೇ ಇಲ್ಲದ ರೋಗಿಗಳಲ್ಲಿ ಹಸುವಿನ ಬಗೆಯ ಬ್ರುಸೆಲ್ಲ ಸಿಗತೊಡಗಿತು. ಹುಡುಕಿದ ಮೇಲೆ ಕಂಡಿತು. ಅದುವರೆಗೆ ಹುಡುಕಿರಲಿಲ್ಲ ಅಷ್ಟೆ.

ಈ ನಡುವೆ 1922ರಲ್ಲಿ ಪ್ರಯೋಗಾಲಯದಲ್ಲಿಯೇ ಈವಾನ್ಸರಿಗೆ ಸೋಂಕು ತಗುಲಿತು. ಜ್ವರ, ನೋವು, ಬಳಲಿಕೆ ಬಂದುಹೋಗಿ ಇಪ್ಪತ್ತು ವರ್ಷಕ್ಕೂ ಮೇಲೆ ಕಾಡಿದವು. ದೇಹದಲ್ಲಿ ರೋಗದ ಗುರುತು ಸಿಗದ ವರ್ಷಗಳಲ್ಲಿ, ಇದು ನರದೌರ್ಬಲ್ಯ, ಮನಸ್ಸಿನ ಕಲ್ಪನೆ ಎಂದು ವೈದ್ಯರು ಹೇಳಿದ್ದುಂಟು. ಕಡೆಗೆ ಅವರ ದೇಹದಿಂದಲೇ ಬ್ರುಸೆಲ್ಲವನ್ನು ಬೆಳೆಸಿ ತೋರಿಸಿದ ಮೇಲೆ ಆ ಮಾತು ನಿಂತಿತು. ತಾವು ಗುರುತಿಸಿದ ರೋಗವೇ ತಮ್ಮಲ್ಲಿದ್ದಾಗಲೂ ನಂಬಿಸಬೇಕಾಗಿ ಬಂತು. ಇದೇ ನೋವಿನಿಂದ ನರಳಿ ‘ಸೋಮಾರಿ’ ಎನ್ನಿಸಿಕೊಂಡ ರೈತರು ಎಷ್ಟು ಮಂದಿಯೋ ಲೆಕ್ಕವಿಲ್ಲ.

ಹತ್ತು ವರ್ಷಗಳ ಹಿಂದೆ ತಮ್ಮ ಮಾತನ್ನು ಅನುಮಾನಿಸಿದ್ದ ಅದೇ ಸಂಘಕ್ಕೆ 1928ರಲ್ಲಿ ಈವಾನ್ಸ್ ಮೊದಲ ಮಹಿಳಾ ಅಧ್ಯಕ್ಷರಾದರು. ಮುಂದಿನ ದಶಕದಲ್ಲಿ ಅಮೆರಿಕದಲ್ಲಿ ಹಾಲಿನ ಪಾಶ್ಚರೀಕರಣ ವ್ಯಾಪಕವಾಯಿತು. ಹಾಲನ್ನು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಟ್ಟರೆ ಬ್ರುಸೆಲ್ಲ ಸಾಯುತ್ತದೆ. 1945ರಲ್ಲಿ ನಿವೃತ್ತರಾದ ಅವರು 1975ರಲ್ಲಿ ತೀರಿಕೊಂಡರು.

ವರ್ಗೀಕರಣವೆಂದರೆ ಹೆಸರಿಡುವುದಷ್ಟೇ ಅಲ್ಲ

ಬಳಿಕ ಹಂದಿ, ಕುರಿ, ನಾಯಿಗಳ ಬ್ರುಸೆಲ್ಲಗಳೂ ಪಟ್ಟಿಗೆ ಸೇರಿದವು. 1985ರಲ್ಲಿ ಡಿ.ಎನ್.ಎ. ಹೋಲಿಸಿದ ವಿಜ್ಞಾನಿಗಳು, ಇವು ಎಷ್ಟು ಹತ್ತಿರವೆಂದರೆ ಎಲ್ಲವನ್ನೂ ಒಂದೇ ಪ್ರಭೇದವೆಂದು ಕರೆಯಬಹುದು ಎಂದರು. ಈವಾನ್ಸ್ ಸರಳ ಸಲಕರಣೆಗಳಿಂದ ಕಂಡದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೂ ಯಾವ ಪ್ರಾಣಿಯಿಂದ ಬಂದದ್ದೆಂದು ತಿಳಿಯುವುದು ವೈದ್ಯರಿಗೂ ರೈತರಿಗೂ ಮುಖ್ಯವಾದ್ದರಿಂದ ಹಳೆಯ ಪ್ರಭೇದನಾಮಗಳನ್ನು ತಜ್ಞರು ಮತ್ತೆ ಎತ್ತಿಹಿಡಿದರು. ವಿದ್ಯಾರ್ಥಿಗಳು ಗಮನಿಸಬೇಕಾದ ಮಾತಿದು: ವರ್ಗೀಕರಣದ ಒಂದು ತಪ್ಪು ಇಪ್ಪತ್ತು ವರ್ಷ ರೋಗವನ್ನು ಮರೆಮಾಡಿತು, ಒಂದು ತಿದ್ದುಪಡಿ ಹಾಲನ್ನು ಸುರಕ್ಷಿತಗೊಳಿಸಿತು.

ಕಾಡಿಗೂ ಈ ಕಥೆಯಲ್ಲಿ ಪಾಲುಂಟು. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಕಾಡೆಮ್ಮೆಗಳಲ್ಲಿ, ಅಂದರೆ ಬೈಸನ್‌ಗಳಲ್ಲಿ, ಈ ಸೋಂಕು ಮೊದಲು ಪತ್ತೆಯಾದದ್ದು 1917ರಲ್ಲಿಯೇ. ಅದು ಬಂದದ್ದು ಸಾಕುದನಗಳಿಂದ. ಈಗ ಅದೇ ಬೈಸನ್‌ಗಳು ಉದ್ಯಾನದ ಗಡಿ ದಾಟಿದರೆ ದನಗಳಿಗೆ ರೋಗ ಹರಡುತ್ತವೆಂಬ ಭಯದಿಂದ ಅವುಗಳನ್ನು ತಡೆಯುತ್ತಾರೆ, ಕೊಲ್ಲುತ್ತಾರೆ. ಊರಿನ ರೋಗ ಕಾಡು ಸೇರಿದರೆ ಅದನ್ನು ಮರಳಿ ಕರೆಯಲಾಗದು. ದನ ಮೇಯುವ ಬೆಟ್ಟಗಳಲ್ಲಿ ಕಾಟಿ, ಕಡವೆಗಳೂ ಮೇಯುವ ಮಲೆನಾಡಿಗೆ ಇದು ನೆನಪಿನಲ್ಲಿರಬೇಕು.

ಕೊಟ್ಟಿಗೆಗೆ ಹಿಂದಿರುಗಿ

ಕಂದು ಹಾಕಿದ ಹಸುವಿನ ಮಾಸು, ಸತ್ತ ಕರು, ಸ್ರಾವ ಇವುಗಳಲ್ಲಿ ಬ್ರುಸೆಲ್ಲ ಅಪಾರವಾಗಿರುತ್ತದೆ. ಬರಿಗೈಯಲ್ಲಿ ಮುಟ್ಟುವುದು, ಹಳ್ಳಕ್ಕೋ ಪೊದೆಗೋ ಎಸೆಯುವುದು, ನಾಯಿ ಎಳೆದೊಯ್ಯುವಂತೆ ಬಿಡುವುದು, ಇವು ಮೂರೂ ಅಪಾಯ. ಕೈಗವಸು ಧರಿಸಿ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಆ ಹಸುವನ್ನು ಬೇರೆ ಕಟ್ಟಿ, ಪಶುವೈದ್ಯರಿಂದ ರಕ್ತಪರೀಕ್ಷೆ ಮಾಡಿಸಬೇಕು. ನೊರೆಹಾಲು ಪುಷ್ಟಿಕರವೆಂಬ ಮಾತು ಹಳೆಯದು. ಆದರೆ ಹಾಲನ್ನು ಉಕ್ಕುವಂತೆ ಕಾಯಿಸಿದ ಮೇಲೆ ಕುಡಿಯುವ ರೂಢಿಯೂ ಹಳೆಯದೇ, ಅದೇ ಕ್ಷೇಮ.

ಭಾರತದಲ್ಲಿ 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ, 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಒಂದು ಬಾರಿ ಲಸಿಕೆ ಹಾಕುವ ವ್ಯವಸ್ಥೆಯಾಯಿತು. ಅದರಲ್ಲಿ ಬಳಕೆಯಾದ ‘ಎಸ್-19’ ತಳಿಯ ಕಥೆ ಸ್ವಾರಸ್ಯಕರ. 1923ರಲ್ಲಿ ಜಾನ್ ಬಕ್ ಎಂಬ ವಿಜ್ಞಾನಿ ಜೆರ್ಸಿ ಹಸುವಿನ ಹಾಲಿನಿಂದ ಬೇರ್ಪಡಿಸಿದ್ದ ಬ್ರುಸೆಲ್ಲ, ಪ್ರಯೋಗಾಲಯದಲ್ಲಿ ವರ್ಷಕ್ಕೂ ಮೇಲೆ ಇದ್ದಲ್ಲೇ ಇದ್ದು ತನ್ನ ತೀಕ್ಷ್ಣತೆ ಕಳೆದುಕೊಂಡಿತ್ತು. ಅದೇ ಲಸಿಕೆಯಾಯಿತು. ಇದು ಜೀವಂತ ಲಸಿಕೆ. ಗಬ್ಬದ ಹಸುವಿಗೂ ಗಂಡುಕರುವಿಗೂ ಹಾಕುವುದಿಲ್ಲ.

ಮನುಷ್ಯರಲ್ಲಿ ಈ ರೋಗ ವಾಸಿಯಾಗುತ್ತದೆ. ಎರಡು ಆ್ಯಂಟಿಬಯಾಟಿಕ್‌ಗಳನ್ನು ಕೂಡಿಸಿ ಸುಮಾರು ಆರು ವಾರ ಬಿಡದೆ ತೆಗೆದುಕೊಳ್ಳಬೇಕು. ಆದರೆ ಅದಕ್ಕೆ ಮೊದಲು ರೋಗವನ್ನು ಗುರುತಿಸಬೇಕು. ಬಿಡದ ಜ್ವರಕ್ಕೆಂದು ವೈದ್ಯರ ಬಳಿ ಹೋದವರು, ಕೊಟ್ಟಿಗೆಯಲ್ಲಿ ಹಸು ಕಂದು ಹಾಕಿದ್ದನ್ನು ತಪ್ಪದೆ ಹೇಳಲಿ. ವೈದ್ಯರು ಕೇಳದಿದ್ದರೂ ಹೇಳಲಿ. ಆಲಿಸ್ ಈವಾನ್ಸ್ ಬದುಕಿಡೀ ಮಾಡಿದ್ದು ಅದನ್ನೇ. ಬೇರೆ ಬೇರೆ ಎಂದುಕೊಂಡಿದ್ದ ಎರಡನ್ನು ಪಕ್ಕದಲ್ಲಿಟ್ಟು ತೋರಿಸಿದರು.