ಮೇಷ್ಟ್ರ ಸೈಟು, ಆರು ತಿಂಗಳ ಗಡುವು

ನಿನ್ನೆ ರಾತ್ರಿ ಬುಲೆಟಿನ್ ಮುಗಿಸಿ ಹೊರಡ್ತಿದ್ದೆ, ಹೈಸ್ಕೂಲಿನಲ್ಲಿ ನನಗೆ ಗಣಿತ ಹೇಳಿಕೊಟ್ಟ ಮೇಷ್ಟ್ರ ಫೋನ್ ಬಂತು. "ದಿನಾ ಊರಿಗೆಲ್ಲ ಬುದ್ಧಿ ಹೇಳ್ತೀಯಲ್ಲಪ್ಪಾ, ನನ್ನ ಸೈಟು ನಾನು ಮಾರಿದ್ರೆ ಸರ್ಕಾರಕ್ಕೆ ಯಾಕೋ ದುಡ್ಡು?" ಅಂದ್ರು.

ಮೇಷ್ಟ್ರು 2003ರಲ್ಲಿ 4 ಲಕ್ಷಕ್ಕೆ ಕೊಂಡ ಸೈಟು. ಎಂಟು ತಿಂಗಳ ಹಿಂದೆ 64 ಲಕ್ಷಕ್ಕೆ ಹೋಯಿತು. ಬಂದದ್ದಷ್ಟನ್ನೂ ಮಗಳ ಮದುವೆಗೆಂದು ಎಫ್‌ಡಿ ಇಟ್ಟಿದ್ದಾರೆ. ತೆರಿಗೆ ಬೀಳುವುದು 64 ಲಕ್ಷದ ಮೇಲಲ್ಲ, ಲಾಭ ಬಂದ 60 ಲಕ್ಷದ ಮೇಲೆ. ಶೇ. 12.5ರಂತೆ ಏಳೂವರೆ ಲಕ್ಷ. ಸೆಸ್ ಬೇರೆ!

ಈ ಶೇ. 12.5 ಬಂದದ್ದು 2024ರ ಜುಲೈ 23ರ ಬಜೆಟ್‌ನಲ್ಲಿ. ಅದಕ್ಕೂ ಮೊದಲು ಶೇ. 20 ಇತ್ತು, ಆದರೆ ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿಕೊಳ್ಳಬಹುದಿತ್ತು. 2013-14ರಲ್ಲಿ 50 ಲಕ್ಷಕ್ಕೆ ಕೊಂಡ ಫ್ಲ್ಯಾಟನ್ನು 2024-25ರಲ್ಲಿ 80 ಲಕ್ಷಕ್ಕೆ ಮಾರಿದವರನ್ನೇ ನೋಡಿ. ಸೂಚ್ಯಂಕ 220ರಿಂದ 363ಕ್ಕೆ ಏರಿತ್ತು, ಹಾಗಾಗಿ ಅವರ ಖರೀದಿ ಬೆಲೆಯೇ 82.5 ಲಕ್ಷ ಆಗುತ್ತೆ. ಲಾಭವೇ ಇಲ್ಲ, ತೆರಿಗೆ ಎಲ್ಲಿಂದ? ಹೊಸ ಲೆಕ್ಕದಲ್ಲಿ ಅವರಿಗೇ 3.75 ಲಕ್ಷ. ಜನ ಸುಮ್ಮನಿರಲಿಲ್ಲ. ಆಗಸ್ಟ್‌ನಲ್ಲಿ ಸರ್ಕಾರ ಮಣಿಯಿತು: ಬಜೆಟ್ ದಿನಕ್ಕೆ ಮೊದಲು ಕೊಂಡ ಜಮೀನು, ಮನೆಗೆ ಎರಡೂ ಲೆಕ್ಕ ಹಾಕಿ, ಕಡಿಮೆ ಬಂದದ್ದನ್ನು ಕಟ್ಟಿ. ದೇಶದಲ್ಲೇ ಇರುವ ವ್ಯಕ್ತಿಗಳಿಗೆ, ಅವಿಭಕ್ತ ಕುಟುಂಬಗಳಿಗೆ ಮಾತ್ರ ಈ ಆಯ್ಕೆ. ಮೇಷ್ಟ್ರಿಗೆ ಹೊಸ ಲೆಕ್ಕವೇ ಅಗ್ಗ.

ಷೇರಿನದ್ದು ಸರಳ. ವರ್ಷ ದಾಟಿಸಿ ಮಾರಿದರೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಮೇಲಿನದಕ್ಕೆ 12.5. ಅವಸರಪಟ್ಟರೆ ಶೇ. 20.

ನನ್ನ ಹೊಟ್ಟೆ ಉರಿಸಿದ್ದು ಬೇರೆ. ಮಾರಿದ ಆರು ತಿಂಗಳೊಳಗೆ, 54ಇಸಿ ಅಂತಾರಲ್ಲ, ಆ ಬಾಂಡಿನಲ್ಲಿ 50 ಲಕ್ಷ ಹಾಕಿದ್ದರೆ ಅಷ್ಟು ಲಾಭಕ್ಕೆ ತೆರಿಗೆಯೇ ಇರಲಿಲ್ಲ. ಉಳಿದ 10 ಲಕ್ಷಕ್ಕೆ 1.25 ಲಕ್ಷ ಕಟ್ಟಿ ಮುಗಿಸಬಹುದಿತ್ತು. ಐದು ವರ್ಷ ಹಣ ಮುಟ್ಟುವ ಹಾಗಿಲ್ಲ, ಬಡ್ಡಿಗೆ ತೆರಿಗೆ ಇದೆ, ಒಪ್ಪಿದೆ. ಆದರೂ ಆರೂಕಾಲು ಲಕ್ಷ ಸ್ವಾಮೀ! ರಿಜಿಸ್ಟ್ರೇಷನ್ ದಿನ ಪಕ್ಕದಲ್ಲಿದ್ದ ಬ್ರೋಕರ್ ಕಮಿಷನ್ ಎಣಿಸಿಕೊಂಡ, ಇದನ್ನು ಹೇಳಲಿಲ್ಲ.

"ಈಗೇನು ಮಾಡ್ಲಿ?" ಅಂದರು ಮೇಷ್ಟ್ರು. ಮನೆ ಕೊಳ್ಳುವುದಾದರೆ ಎರಡು ವರ್ಷ, ಕಟ್ಟಿಸುವುದಾದರೆ ಮೂರು ವರ್ಷದ ಅವಕಾಶ ಇನ್ನೂ ಇದೆ, ನಾಳೆಯೇ ಆಡಿಟರ್ ಹತ್ತಿರ ಹೋಗಿ ಅಂದೆ. "ಮನೆ ಕಟ್ಟಿದ್ರೆ ಮದುವೆ ಯಾರು ಮಾಡ್ತಾರೋ?" ಅಂದು ಫೋನಿಟ್ಟರು.