ಒಂದು ಪಾಸ್‌ವರ್ಡ್ ಬದಲಿಸಿದ ಕಥೆ

ವೈಫೈ ಬಗ್ಗೆ ಮಾತಾಡಿ ಅಂತ ಅಧ್ಯಕ್ಷೆಯವರು ಹೇಳಿದಾಗ ನನಗೇ ನಗು ಬಂತು. ಆದರೆ ನಮ್ಮ ಸಭಾಂಗಣದಿಂದ ನಡೆಸುವ ಮಕ್ಕಳ ಆನ್‌ಲೈನ್ ಕನ್ನಡ ತರಗತಿ ಎರಡು ಭಾನುವಾರ ನಿಂತದ್ದು ಇದರಿಂದಲೇ.

ಚಾವಣಿಯಲ್ಲಿ ಬಿಳಿ ತಟ್ಟೆಯಂಥ ಎರಡು ವೈಫೈ ಸಾಧನಗಳಿವೆಯಲ್ಲ, ಅವುಗಳ ಪಾಸ್‌ವರ್ಡ್ ಹಾಲ್ ಬಾಡಿಗೆಗೆ ಪಡೆದವರಿಗೆಲ್ಲ ಗೊತ್ತಾಗಿ, ತರಗತಿಯ ಹೊತ್ತಿಗೆ ನೆಟ್ ತೆವಳುತ್ತಿತ್ತು. ಬದಲಿಸೋಣ ಅಂತ ಹೊರಟೆ. ಮನೆಯ ರೌಟರ್ ಆದರೆ ಬ್ರೌಸರ್‌ನಲ್ಲಿ 192.168.1.1 ಎಂದೋ ಮತ್ತೊಂದೋ ಒತ್ತಿದರೆ ಪುಟ ತೆರೆಯುತ್ತದೆ. ಇದಕ್ಕೆ ಹಾಗಲ್ಲ. ಕಂಟ್ರೋಲರ್ ಎಂಬ ತಂತ್ರಾಂಶ ಬೇಕು. ಅದು ನಡೆಯಲು ಜಾವಾ ಬೇಕು, ಮೊಂಗೋಡಿಬಿ ಎಂಬ ಡೇಟಾಬೇಸ್ ಬೇಕು, ಅವೂ ಅದಕ್ಕೆ ಒಗ್ಗುವ ಆವೃತ್ತಿಗಳೇ ಆಗಬೇಕು. ಒಂದು ಒಗ್ಗರಣೆಗೆ ಎಣ್ಣೆಯ ಗಾಣವನ್ನೇ ಮನೆಗೆ ತಂದ ಹಾಗೆ!

ನನ್ನ ಹಳೇ ಲ್ಯಾಪ್‌ಟಾಪಿಗೆ ಎಲ್ಲ ತುಂಬಿಸಿದೆ. ಅದು ಬಿಸಿಯಾಗಿ ಫ್ಯಾನ್ ಕೂಗಿತೇ ಹೊರತು ಕೆಲಸವಾಗಲಿಲ್ಲ. ಸಾಧನಗಳು ಹಳೆಯ ಕಂಟ್ರೋಲರ್‌ಗೆ ಕಟ್ಟಿಕೊಂಡಿದ್ದವು. ಅದಿದ್ದದ್ದು ಹಿಂದಿನ ಕಾರ್ಯದರ್ಶಿಗಳ ಲ್ಯಾಪ್‌ಟಾಪಿನಲ್ಲಿ, ಅವರು ಊರು ಬಿಟ್ಟು ವರ್ಷವಾಯಿತು. ಬ್ಯಾಕಪ್ಪೂ ಇರಲಿಲ್ಲ.

ಕೊನೆಗೆ ಸೆರಗು ಸಿಕ್ಕಿಸಿ ಏಣಿ ಹತ್ತಿದೆ. ರಿಸೆಟ್ ತೂತಿಗೆ ಪಿನ್ ಚುಚ್ಚಿ ಹತ್ತು ಸೆಕೆಂಡ್ ಒತ್ತಿ ಹಿಡಿದೆ. ಈಗ ಅವೆರಡನ್ನೂ ಕಂಟ್ರೋಲರ್ ಇಲ್ಲದೆ ಫೋನಿನ ಆ್ಯಪ್‌ನಿಂದಲೇ ನೋಡಿಕೊಳ್ಳುತ್ತೇವೆ. ಜಾವಾ, ಡೇಟಾಬೇಸ್ ಎರಡನ್ನೂ ಅಳಿಸಿದೆ.

ಮನೆಗೆ ಇಂಥದ್ದು ಕೊಳ್ಳುವ ಮೊದಲು, ಬೇರೇನೂ ಹಾಕಿಕೊಳ್ಳದೆ ಬ್ರೌಸರ್‌ನಿಂದಲೇ ಸೆಟ್ಟಿಂಗ್ ಬದಲಿಸಬಹುದೇ ಅಂತ ಅಂಗಡಿಯಲ್ಲೇ ಕೇಳಿಬಿಡಿ. ಅಂದಹಾಗೆ, ನಮ್ಮ ಹೊಸ ಪಾಸ್‌ವರ್ಡ್ ಕಚೇರಿ ಬೀರುವಿನಲ್ಲಿರುವ ನೋಟ್‌ಬುಕ್ಕಿನಲ್ಲಿದೆ. ಬೀಗದ ಕೈ ಖಜಾಂಚಿಯವರ ಹತ್ತಿರ.